ಬೇಸಗೆಯ ಬಿಸಿಲೂ ಬೀಜದ ಟಗರೂ



ನಮ್ಮ ಹಿರಿಯರು ಟಗರಿಗೆ ಕೊಟ್ಟ ಗೌರವವು ಸಾಮಾನ್ಯವಾದುದಲ್ಲ. ದ್ವಾದಶ ರಾಶಿಗಳಲ್ಲಿ ಮೊದಲನೆಯದೇ ಮೇಷ. ಅಗ್ನಿದೇವನಿಗೆ ವಾಹನವೂ ಮೇಷವೇ. ಆದರೆ ಇಲ್ಲಿ ಒಂದು ವಿನೋದವುಂಟು. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವುದು ಏಪ್ರಿಲ್ ತಿಂಗಳ ನಡುವೆ, ಎಂದರೆ ನಮ್ಮ ನಾಡು ಕಾದ ಹಂಚಿನಂತಾಗುವ ಕಾಲದಲ್ಲಿ. ಅಗ್ನಿಯಂತೂ ತಾಪದ ಅಧಿದೇವತೆ. ನಿಜವಾದ ಟಗರಿಗಾದರೋ ಈ ತಾಪವೇ ದೊಡ್ಡ ಶತ್ರು. ಅದರ ಪ್ರಾಣಕ್ಕಲ್ಲ, ಅದರ ಸಂತಾನಕ್ಕೆ. ಈ ದಿನ ತಮ್ಮೊಡನೆ ಮಾತನಾಡಬೇಕೆಂದಿರುವುದು ಈ ವಿಷಯವಾಗಿಯೇ: ಬೇಸಗೆಯ ಸೆಕೆ ಮತ್ತು ಮಾಗಿಯ ಚಳಿ ಇವೆರಡೂ ಬೀಜದ ಟಗರಿನ ಸಂತಾನಶಕ್ತಿಯ ಮೇಲೆ ಯಾವ ಪರಿಣಾಮವನ್ನುಂಟುಮಾಡುತ್ತವೆ ಎಂಬುದು.

ಇಂಥ ವಿಷಯವನ್ನು ಮನೆಮಂದಿಯೆಲ್ಲ ಕುಳಿತು ಕೇಳುವಲ್ಲಿ ಎತ್ತಬಹುದೇ ಎಂದು ಯಾರಾದರೂ ಸಂಕೋಚಪಟ್ಟರೆ, ಅವರು ವಾಲ್ಮೀಕಿರಾಮಾಯಣದ ಬಾಲಕಾಂಡವನ್ನು ನೆನೆಯಬೇಕು. ಗೌತಮರ ಶಾಪದಿಂದ ವೃಷಣಗಳನ್ನು ಕಳೆದುಕೊಂಡ ಇಂದ್ರನಿಗೆ ದೇವತೆಗಳು ಟಗರಿನ ವೃಷಣಗಳನ್ನು ತಂದು ಜೋಡಿಸಿದರೆಂದು ಅಲ್ಲಿ ಹೇಳಿದೆ. ದೇವೇಂದ್ರನಿಗೂ ಮೇಷವೃಷಣನೆಂಬ ಹೆಸರು ಬಂದುದು ಹೀಗೆ. ಸಂತಾನಶಕ್ತಿಗೆ ಟಗರನ್ನು ಮಿಗಿಲಾದ ಪ್ರಾಣಿ ಮತ್ತೊಂದಿಲ್ಲವೆಂದು ನಮ್ಮ ಪೂರ್ವಿಕರು ಭಾವಿಸಿದ್ದರೆಂಬುದಕ್ಕೆ ಇದೇ ಸಾಕ್ಷಿ. ಆ ನಂಬಿಕೆಯು ಎಷ್ಟರಮಟ್ಟಿಗೆ ಸರಿ, ಎಲ್ಲಿ ಅದಕ್ಕೊಂದು ಮಿತಿಯುಂಟು ಎಂಬುದನ್ನು ಈಗ ನೋಡೋಣ.

ಮಾತಿಗೆ ಒಂದು ನೆಲೆ ಬೇಕು. ಕನ್ನಡ ನಾಡಿನ ಉತ್ತರದ ತುದಿಯಲ್ಲಿರುವ ಬೀದರ ಜಿಲ್ಲೆಯನ್ನು ತೆಗೆದುಕೊಳ್ಳೋಣ. ೧೯೫೬ರವರೆಗೆ ಹೈದರಾಬಾದಿಗೆ ಸೇರಿದ್ದ ಈ ಪ್ರಾಂತವು ಸಮುದ್ರಮಟ್ಟದಿಂದ ಸುಮಾರು ೨,೦೦೦ ಅಡಿ ಎತ್ತರದ ಪ್ರಸ್ಥಭೂಮಿ. ಕೆಲವೆಡೆ ಕೆಂಪು ಜಂಬಿಟ್ಟಿಗೆಯ ನೆಲ, ಕೆಲವೆಡೆ ಕರಿಯ ಎರೆಯ ಹೊಲ, ನಡುವೆ ಮಾಂಜರಾ ನದಿ. ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿ ಸಂತಪುರವೆಂಬ ಊರಿದೆ; ಅದೊಂದು ಹೋಬಳಿಯ ಕೇಂದ್ರ. ಅದರ ಸುತ್ತಣ ಹೊಲಗಳಲ್ಲಿ ಜೋಳ, ತೊಗರಿ, ಉದ್ದು, ಹೆಸರು ಬೆಳೆಯುತ್ತವೆ. ಸೋಯಾ ಅವರೆಯೂ ಈಚೆಗೆ ಬಹಳವಾಗಿ ಬಂದಿದೆ. ಭಾಲ್ಕಿ, ಔರಾದ್, ಬೀದರ ಈ ಮೂರು ಸೀಮೆಗಳಲ್ಲಿಯೂ ಕುರುಬರು ಮತ್ತು ಧನಗರರು ತಲೆತಲಾಂತರದಿಂದ ಕುರಿ ಸಾಕುತ್ತ ಬಂದಿದ್ದಾರೆ. ಅವರ ಕುರಿ ದಖ್ಖನಿ ತಳಿಯದು: ಬಹುಮಟ್ಟಿಗೆ ಕರಿಯ ಬಣ್ಣ, ಒರಟು ಉಣ್ಣೆ, ಉಬ್ಬಿದ ಮೂಗಿನ ಸೇತುವೆ, ಬಹುದೂರ ನಡೆಯಬಲ್ಲ ಕಾಲು. ನಾವು ಹೊದೆಯುವ ಕರಿಯ ಕಂಬಳಿ ಇದರ ದೇಹದಿಂದ ಬಂದುದು. ಕೊಯ್ಲಾದ ಹೊಲದಲ್ಲಿ ರಾತ್ರಿ ಹಿಂಡನ್ನು ತರುಬಿಸಿ, ಹಿಕ್ಕೆಯನ್ನೂ ಗಂಜಳವನ್ನೂ ನೆಲಕ್ಕೆ ಸೇರಿಸಿಕೊಳ್ಳುವ ಒಕ್ಕಲಿಗನು ಕುರಿಗಾರನಿಗೆ ದವಸವನ್ನೋ ಹಣವನ್ನೋ ಕೊಡುವುದು ಹಳೆಯ ವಾಡಿಕೆ. ಹೀಗೆ ಕುರಿಯು ಕುರಿಗಾರನೊಬ್ಬನ ಆಸ್ತಿಯಾಗಿರದೆ ಊರಿನ ಬೇಸಾಯಕ್ಕೇ ಒಂದು ಆಧಾರವಾಗಿದೆ.

ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಶಾಖವು ಸೆಂಟಿಗ್ರೇಡ್ ಮಾನದಲ್ಲಿ ೪೦ ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಡಿಸೆಂಬರಿನ ಬೆಳಗಿನ ಜಾವದಲ್ಲಿ ಚಳಿ ಚುರುಕಾಗಿ ಕಚ್ಚುತ್ತದೆ. ಈ ಎರಡು ತುದಿಗಳ ನಡುವೆ ವರ್ಷವೆಲ್ಲ ಬಯಲಲ್ಲಿಯೇ ಬಾಳುವ ಪ್ರಾಣಿ ಕುರಿ.

ಈಗ ಕುರಿಗಾರನ ಲೆಕ್ಕವನ್ನು ನೋಡಿ. ಮೂವತ್ತು ನಲವತ್ತು ಹೆಣ್ಣುಕುರಿಗಳಿಗೆ ಅವನು ಇಟ್ಟುಕೊಳ್ಳುವುದು ಒಂದೇ ಬೀಜದ ಟಗರು. ಒಂದು ಹೆಣ್ಣುಕುರಿ ಗೊಡ್ಡಾದರೆ ಒಂದು ಮರಿ ಹೋಯಿತು. ಟಗರು ಗೊಡ್ಡಾದರೆ ಒಂದು ಋತುವಿನ ಮರಿಗಳೆಲ್ಲವೂ ಹೋದುವು. ಮಗಳ ಮದುವೆ, ಮಗನ ಓದು, ಸಾಹುಕಾರನ ಬಡ್ಡಿ ಎಲ್ಲವೂ ಆ ಮರಿಗಳ ಬೆನ್ನಿನ ಮೇಲೆಯೇ ನಿಂತಿರುತ್ತವೆ. ಹೀಗಿದ್ದರೂ ಮರಿ ಕಡಿಮೆಯಾದ ವರ್ಷ ತಪ್ಪು ಯಾರದೆಂದು ಕೇಳಿದರೆ, ಬಹುಮಂದಿ ಬೆರಳು ತೋರುವುದು ಹೆಣ್ಣುಕುರಿಯ ಕಡೆಗೆ. ಗಬ್ಬ ನಿಲ್ಲದ ಕುರಿಯನ್ನು ಗೊಡ್ಡೆಂದು ಕರೆದು ಸಂತೆಗೆ ಹೊಡೆಯುತ್ತಾರೆ. ಟಗರು ಮಾತ್ರ ಕೊಂಬು ಮಸೆಯುತ್ತ, ಕುತ್ತಿಗೆಯ ಗಂಟೆ ಬಾರಿಸುತ್ತ ಹಿಂಡಿನ ಮುಂದೆಯೇ ನಿಂತಿರುತ್ತದೆ. ಈ ತೀರ್ಪು ಎಷ್ಟು ಸಲ ಅನ್ಯಾಯವಾದುದೆಂಬುದನ್ನು ಶರೀರಶಾಸ್ತ್ರವು ನಮಗೆ ತಿಳಿಸುತ್ತದೆ.

ಮೊದಲನೆಯದಾಗಿ ಒಂದು ಸಾಮಾನ್ಯ ಪ್ರಶ್ನೆ. ಹೃದಯವನ್ನು ಪಕ್ಕೆಲುಬಿನ ಗೂಡಿನಲ್ಲಿಯೂ ಮೆದುಳನ್ನು ತಲೆಬುರುಡೆಯಲ್ಲಿಯೂ ಭದ್ರವಾಗಿ ಇಟ್ಟ ಪ್ರಕೃತಿಯು, ವಂಶವನ್ನೇ ಬೆಳೆಸುವ ವೃಷಣಗಳನ್ನು ತೆಳುವಾದ ತೊಗಲಿನ ಚೀಲದಲ್ಲಿ, ಮುಳ್ಳು ಕಲ್ಲುಗಳಿಗೆ ತಗಲುವಂತೆ, ಹೊರಗೆ ತೂಗುಹಾಕಿದುದೇಕೆ? ಉತ್ತರವು ಶಾಖಮಾಪಕದಲ್ಲಿದೆ. ಕುರಿಯ ದೇಹದ ಒಳಗಣ ಶಾಖ ಸುಮಾರು ೩೯ ಡಿಗ್ರಿ. ವೃಷಣಗಳ ಶಾಖ ಇದಕ್ಕಿಂತ ನಾಲ್ಕರಿಂದ ಆರು ಡಿಗ್ರಿ ಕಡಿಮೆ. ಈ ತಂಪಿನಲ್ಲಿ ಮಾತ್ರ ವೀರ್ಯಾಣುಗಳು ಸರಿಯಾಗಿ ಹುಟ್ಟುತ್ತವೆ. ಹಕ್ಕಿಗಳಲ್ಲಿಯೂ ಆನೆಯಲ್ಲಿಯೂ ವೃಷಣಗಳು ಹೊಟ್ಟೆಯೊಳಗೇ ಇದ್ದು ಅಲ್ಲಿಯೇ ಕೆಲಸ ನಡೆಸುತ್ತವೆ. ಕುರಿಯ ಕಾರ್ಖಾನೆಯಾದರೋ ತಂಪಿಗೆ ಹೊಂದಿಸಿ ಕಟ್ಟಿದುದು.

ಇದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದ ಕಾರ್ಲ್ ಮೂರ್ ಎಂಬವರು ಮುಖ್ಯರು. ೧೯೨೪ರಲ್ಲಿ ಅವರೂ ಆಸ್ಲಂಡ್ ಎಂಬವರೂ ಟಗರುಗಳ ವೃಷಣಕೋಶಕ್ಕೆ ಶಾಖವು ಹೊರಗೆ ಹೋಗದಂಥ ಹೊದಿಕೆಯನ್ನು ಸುತ್ತಿಟ್ಟರು. ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ, ಹೊರಗಿನಿಂದ ಬೆಂಕಿಯೂ ಇಲ್ಲ. ಟಗರಿನ ಸ್ವಂತ ಮೈಶಾಖವು ಅಲ್ಲಿಯೇ ತಂಗಿತು, ಅಷ್ಟೆ. ವೀರ್ಯಾಣುಗಳನ್ನು ಹುಟ್ಟಿಸುವ ಜೀವಕೋಶಗಳು ಕ್ರಮೇಣ ಕೆಟ್ಟುಹೋದುವು. ಹೊಟ್ಟೆಯೊಳಗಿನ ಶಾಖವೇ ಬೀಜಕ್ಕೆ ಹೆಚ್ಚಾಯಿತೆಂಬುದು ಇದರಿಂದ ಸಿದ್ಧವಾಯಿತು. ಆಸ್ಟ್ರೇಲಿಯದಲ್ಲಿ ಗನ್, ಸ್ಯಾಂಡರ್ಸ್, ಗ್ರೇಂಜರ್ ಎಂಬ ಮೂವರು ೧೯೪೨ರಲ್ಲಿ ಪ್ರಕಟಿಸಿದ ಸಂಶೋಧನೆಯು, ಪ್ರಯೋಗಶಾಲೆಯಲ್ಲಿ ಕಂಡ ಈ ಕೇಡು ಬೇಸಗೆಯ ಬಯಲಿನಲ್ಲಿ ತಾನಾಗಿಯೇ ನಡೆಯುತ್ತದೆಂಬುದನ್ನು ಬೆಳಕಿಗೆ ತಂದಿತು.

ವೃಷಣವನ್ನು ತಂಪಾಗಿಡುವುದಕ್ಕೆ ಟಗರಿನ ದೇಹವು ಮಾಡಿಕೊಂಡಿರುವ ಏರ್ಪಾಟು ಬಹಳ ಜಾಣತನದ್ದು. ಒಂದನೆಯದು, ಚೀಲವನ್ನು ಮೇಲಕ್ಕೂ ಕೆಳಕ್ಕೂ ಸರಿಸುವ ಸ್ನಾಯುಗಳು. ಸೆಕೆಯಲ್ಲಿ ಚೀಲವು ಸಡಿಲವಾಗಿ, ಉದ್ದವಾಗಿ ಇಳಿಬಿದ್ದು ಗಾಳಿಗೆ ಮೈಯೊಡ್ಡುತ್ತದೆ. ಚಳಿಯಲ್ಲಿ ಸುಕ್ಕುಗಟ್ಟಿ ಹೊಟ್ಟೆಗೆ ಹತ್ತಿಕೊಳ್ಳುತ್ತದೆ. ಕುರಿ ಕಾಯುವ ಹುಡುಗನೂ ಇದನ್ನು ಬಲ್ಲ. ಎರಡನೆಯದು, ಆ ತೊಗಲಿನಲ್ಲಿ ತುಂಬಿರುವ ಬೆವರಿನ ಗ್ರಂಥಿಗಳು. ಕುರಿಯು ಮೈಯ ಉಳಿದ ಭಾಗದಲ್ಲಿ ಬೆವರುವುದು ಅಲ್ಪ. ಇಲ್ಲಿ ಮಾತ್ರ ಚೆನ್ನಾಗಿ ಬೆವರುತ್ತದೆ. ಮೂರನೆಯದು ಎಲ್ಲಕ್ಕಿಂತ ಚಮತ್ಕಾರವಾದುದು. ವೃಷಣಕ್ಕೆ ಬಿಸಿರಕ್ತವನ್ನು ತರುವ ಅಪಧಮನಿಯು ಹಾವಿನಂತೆ ಸುರುಳಿಸುತ್ತಿಕೊಂಡು ಇಳಿಯುತ್ತದೆ. ವೃಷಣದಿಂದ ತಂಪಾಗಿ ಮರಳುವ ಸಿರೆಗಳು ಬಲೆಯಂತೆ ಅದನ್ನು ಹೆಣೆದುಕೊಂಡು ಮೇಲಕ್ಕೇರುತ್ತವೆ. ಇಳಿಯುವ ಬಿಸಿರಕ್ತವು ಏರುವ ತಣ್ಣನೆಯ ರಕ್ತಕ್ಕೆ ತನ್ನ ಶಾಖವನ್ನು ದಾರಿಯಲ್ಲಿಯೇ ಒಪ್ಪಿಸಿ, ತಾನು ತಂಪಾಗಿ ವೃಷಣವನ್ನು ಸೇರುತ್ತದೆ. ಟಗರಿನಲ್ಲಿ ಈ ವಿನಿಮಯವನ್ನು ವೇಟ್ಸ್ ಮತ್ತು ಮೌಲ್ ಎಂಬವರು ೧೯೬೧ರಲ್ಲಿ ಅಳೆದು ತೋರಿಸಿದರು.

ಅದೇ ವೇಟ್ಸ್ ಅವರು ೧೯೬೨ರಲ್ಲಿ ಪ್ರಕಟಿಸಿದ ಇನ್ನೊಂದು ಸಂಗತಿ ಕೇಳುವವರಿಗೆ ಆಶ್ಚರ್ಯವೆನಿಸುತ್ತದೆ. ಅವರು ಟಗರಿನ ವೃಷಣಕೋಶವನ್ನು ಮಾತ್ರ ಬೆಚ್ಚಗೆ ಮಾಡಿದರು. ಮೈಗೆ ಸೆಕೆಯೇ ತಗಲಲಿಲ್ಲ. ಆದರೂ ಟಗರು ತೇಕತೊಡಗಿತು, ಅದರ ಮೈಶಾಖವೂ ಇಳಿಯಿತು. ಎಂದರೆ ಆ ಚೀಲದ ತೊಗಲು ಇಡೀ ದೇಹಕ್ಕೇ ಒಂದು ಶಾಖಮಾಪಕ. ಬೀಜಕ್ಕೆ ಬಿಸಿ ತಟ್ಟಿತೆಂಬ ಸುದ್ದಿ ಮುಟ್ಟಿದೊಡನೆಯೇ ಮನೆಯವರೆಲ್ಲ ಬೀಸಣಿಗೆ ಹಿಡಿದು ಓಡಿಬಂದಂತೆ ದೇಹವು ಅದನ್ನು ಕಾಪಾಡಲು ತೊಡಗುತ್ತದೆ.

ಇಷ್ಟೆಲ್ಲ ಕಾವಲಿದ್ದರೂ ಕೋಟೆ ಬೀಳುವುದುಂಟು. ಸುತ್ತಣ ಗಾಳಿಯೇ ೪೦ ಡಿಗ್ರಿಗೆ ಏರಿದಾಗ ಚೀಲವನ್ನು ಎಷ್ಟು ಇಳಿಬಿಟ್ಟರೂ ತಂಪು ಸಿಕ್ಕುವುದೆಲ್ಲಿಂದ? ಕಾದ ನೆಲದಿಂದ ಮೇಲಕ್ಕೆ ಹಬೆ ಹೊಡೆಯುತ್ತದೆ. ನೀರು ಸಾಲದಾಗ ಬೆವರೂ ಬತ್ತುತ್ತದೆ. ಮರದ ನೆರಳಿಲ್ಲದ ಬಯಲಿನಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಗುಂಪಾಗಿ ನಿಲ್ಲುವುದನ್ನು ತಾವು ನೋಡಿರಬಹುದು. ತಲೆಗೆ ನೆರಳು ದೊರೆಯಿತು, ನಿಜ. ಆದರೆ ಆ ಒತ್ತಿನಲ್ಲಿ ಗಾಳಿಯಾಡದೆ ಹಿಂಭಾಗದ ಸೆಕೆ ಹೆಚ್ಚುತ್ತದೆ. ಈ ಸ್ಥಿತಿಯಲ್ಲಿ ವೃಷಣದ ಶಾಖವು ಎರಡು ಮೂರು ಡಿಗ್ರಿ ಏರಿದರೂ ಸಾಕು. ಬೀಜದ ಮೂಲಕೋಶಗಳು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಅರ್ಧ ಬೆಳೆದ ಕೋಶಗಳು ಸಾಯುತ್ತವೆ. ಬದುಕಿ ಬಂದುವುಗಳಲ್ಲಿ ಕೆಲವಕ್ಕೆ ಬಾಲ ಸೊಟ್ಟ, ಕೆಲವಕ್ಕೆ ತಲೆ ವಿಕಾರ, ಕೆಲವು ಈಜಲಾರವು. ಆರೋಗ್ಯವಂತ ಟಗರಿನ ಒಂದು ಸಲದ ವೀರ್ಯವು ಸುಮಾರು ಒಂದು ಮಿಲಿಲೀಟರು. ಅದರಲ್ಲಿ ಇನ್ನೂರು ಮುನ್ನೂರು ಕೋಟಿ ವೀರ್ಯಾಣುಗಳಿರುತ್ತವೆ. ಸೆಕೆಯ ಪೆಟ್ಟು ತಿಂದ ಟಗರಿನಲ್ಲಿ ಈ ಸಂಖ್ಯೆಯೂ ಕುಗ್ಗುತ್ತದೆ, ಉಳಿದುವುಗಳ ಗುಣವೂ ಕೆಡುತ್ತದೆ.

ಇಲ್ಲಿ ಕುರಿಗಾರನನ್ನು ಮೋಸಗೊಳಿಸುವ ಸಂಗತಿಗಳು ಮೂರು. ಮೊದಲನೆಯದು, ಟಗರಿನ ಹುರುಪು. ಗಂಡುತನದ ಸ್ರಾವವನ್ನು ಒಸರುವ ಕೋಶಗಳು ಬೇರೆ, ಬೀಜವನ್ನು ಹುಟ್ಟಿಸುವ ಕೋಶಗಳು ಬೇರೆ. ಸೆಕೆಯು ಎರಡನೆಯದನ್ನು ಕೆಡಿಸಿದಷ್ಟು ಮೊದಲನೆಯದನ್ನು ಕೆಡಿಸುವುದಿಲ್ಲ. ಆದಕಾರಣ ಮಧ್ಯಾಹ್ನದ ಉರಿಯಲ್ಲಿ ಸುಮ್ಮನಿದ್ದ ಟಗರು ರಾತ್ರಿಯ ತಂಪಿನಲ್ಲಿ ಎಂದಿನಂತೆಯೇ ಬೆದೆಗೆ ಬಂದ ಕುರಿಯನ್ನು ಹಾರುತ್ತದೆ. ಕಣ್ಣಿಗೆ ಕಾಣುವುದು ಹಾರಿದುದು. ಕಾಣದೆ ಇರುವುದು ಬೀಜವಿಲ್ಲದಿರುವುದು.

ಎರಡನೆಯದು, ಗಬ್ಬ ನಿಂತು ಕರಗುವುದು. ಬ್ರೇಡನ್ ಮತ್ತು ಮ್ಯಾಟ್ನರ್ ಎಂಬವರು ೧೯೭೦ರಲ್ಲಿ ಆಸ್ಟ್ರೇಲಿಯದಲ್ಲಿ, ಟಗರಿನ ವೃಷಣಕೋಶಕ್ಕೆ ಶಾಖ ಕೊಟ್ಟ ಮೇಲೆ ವೀರ್ಯವು ಹೇಗಿರುತ್ತದೆ, ಗಬ್ಬ ನಿಲ್ಲುವುದೆಷ್ಟು, ನಿಂತುದು ಉಳಿಯುವುದೆಷ್ಟು ಎಂಬುದನ್ನು ಪರೀಕ್ಷಿಸಿದರು. ಕಾದ ಬೀಜವು ಕೆಲವು ಸಲ ಫಲಿಸುವುದುಂಟು. ಆದರೆ ಆ ಭ್ರೂಣವು ಬೆಳೆಯಲಾರದೆ ಮೊದಲ ವಾರಗಳಲ್ಲಿಯೇ ಅಳಿದುಹೋಗುವ ಸಂಭವ ಹೆಚ್ಚು. ಹೆಣ್ಣುಕುರಿಯು ೧೭ ದಿನಗಳಿಗೊಮ್ಮೆ ಬೆದೆಗೆ ಬರುವ ಪ್ರಾಣಿ. ಅದು ಒಂದು ಬೆದೆ ತಪ್ಪಿಸಿ, ಗಬ್ಬವಾಯಿತೆಂದು ಕುರಿಗಾರನು ಸಂತೋಷಪಡುವಷ್ಟರಲ್ಲಿ ಮತ್ತೆ ಬೆದೆಗೆ ಬರುತ್ತದೆ. ಆಗ ಅವನು ಹೇಳುವುದೇನು? ‘ಇದರ ಹೊಟ್ಟೆಯಲ್ಲಿ ಮರಿ ನಿಲ್ಲುವುದಿಲ್ಲ’ ಎಂದು. ಹೊಟ್ಟೆ ಸರಿಯಾಗಿಯೇ ಇತ್ತು. ಬಂದ ಬೀಜ ಹುಳುಕಾಗಿತ್ತು.

ಮೂರನೆಯದು ಕಾಲದ ಮೋಸ. ಇದೇ ಎಲ್ಲಕ್ಕಿಂತ ಮುಖ್ಯವಾದುದಾದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಟಗರಿನ ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ೪೭ರಿಂದ ೪೯ ದಿನಗಳು ಬೇಕು. ಅನಂತರ ಅದು ಅಧಿವೃಷಣವೆಂಬ ನೀಳವಾದ ನಾಳದಲ್ಲಿ ಹತ್ತು ಹದಿನಾಲ್ಕು ದಿನ ಪ್ರಯಾಣಮಾಡಿ ಪಕ್ವವಾಗಬೇಕು. ಒಟ್ಟಿನಲ್ಲಿ ಎರಡು ತಿಂಗಳು. ಈ ಹೊತ್ತು ಹೊರಬಂದ ಬೀಜವು ಎರಡು ತಿಂಗಳ ಹಿಂದೆ ಮೊದಲಾದುದೆಂದಾಯಿತು. ಬಿಸಿಲಿನ ಪೆಟ್ಟು ಬಿದ್ದ ದಿನವೇ ವೀರ್ಯ ಕೆಡುವುದಿಲ್ಲ. ಎರಡು ಮೂರು ವಾರಗಳಾದ ಮೇಲೆ ಕೇಡು ಹೊರಗೆ ಕಾಣುತ್ತದೆ. ಬಿಸಿಲು ಹೋದ ದಿನವೇ ವೀರ್ಯ ಸುಧಾರಿಸುವುದೂ ಇಲ್ಲ. ಏಳೆಂಟು ವಾರಗಳು ಕಾಯಬೇಕು.

ಇದನ್ನು ನಮ್ಮ ಮಳೆ ನಕ್ಷತ್ರಗಳ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಜೂನ್ ತಿಂಗಳ ಎಂಟನೆಯ ತಾರೀಖಿನ ಸುಮಾರಿಗೆ ಮೃಗಶಿರಾ ಮಳೆ ಹೂಡುತ್ತದೆ. ನೆಲ ತಣಿಯುತ್ತದೆ, ಹಸುರು ಚಿಗುರುತ್ತದೆ, ಹಿಂಡಿಗೆ ಜೀವ ಬರುತ್ತದೆ, ಹೆಣ್ಣುಕುರಿಗಳು ಬೆದೆಗೆ ಬರುತ್ತವೆ. ಟಗರನ್ನು ಬಿಡುವುದಕ್ಕೆ ಇದೇ ಸುಸಮಯವೆಂದು ತೋರುತ್ತದೆ. ಆದರೆ ಆ ದಿನ ಟಗರಿನ ಮೈಮಾತ್ರ ತಂಪಾಗಿದೆ. ಅದರಲ್ಲಿರುವ ಬೀಜವು ಏಪ್ರಿಲ್ ಮೇ ತಿಂಗಳ ಉರಿಯಲ್ಲಿ ಬೆಂದುದು. ಮೃಗಶಿರಾ, ಆರ್ದ್ರಾ, ಪುನರ್ವಸು, ಪುಷ್ಯ ಈ ನಾಲ್ಕು ಮಳೆಗಳು, ಒಂದೊಂದು ಸುಮಾರು ೧೪ ದಿನಗಳಂತೆ, ಕಳೆದು ಆಶ್ಲೇಷಾ ಮಳೆ ಹೂಡುವ ವೇಳೆಗೆ, ಎಂದರೆ ಆಗಸ್ಟ್ ಮೊದಲ ವಾರದಲ್ಲಿ, ಮಳೆಗಾಲದ ತಂಪಿನಲ್ಲಿ ಹುಟ್ಟಿದ ಹೊಸ ಬೀಜವು ಸಿದ್ಧವಾಗುತ್ತದೆ.

ಹಾಗಾದರೆ ಆಗಸ್ಟಿನವರೆಗೆ ಕಾದರೆ ತೀರಿತಲ್ಲವೇ ಎಂದು ಕೇಳಬಹುದು. ತೀರುವುದಿಲ್ಲ. ಕುರಿಯು ಗಬ್ಬ ಹೊರುವುದು ಸುಮಾರು ೧೫೦ ದಿನ. ಜೂನ್ ನಡುವೆ ಗಬ್ಬವಾದ ಕುರಿಯು ಕಾರ್ತಿಕಮಾಸದ ಸುಮಾರಿಗೆ, ನವೆಂಬರ್ ನಡುವೆ ಈಯುತ್ತದೆ. ಆಗ ಮುಂಗಾರಿನ ಹೊಲಗಳಲ್ಲಿ ಕೂಳೆಯೂ ಬದುಗಳಲ್ಲಿ ಹುಲ್ಲೂ ಉಂಟು, ತಾಯಿಗೆ ಹಾಲುಂಟು, ಮರಿಯು ಬೇಸಗೆ ಹತ್ತುವ ಮೊದಲೇ ಹಾಲು ಬಿಟ್ಟು ಮೇಯಲು ಕಲಿತಿರುತ್ತದೆ. ಆಗಸ್ಟ್ ನಡುವೆ ಗಬ್ಬವಾದುದು ಸಂಕ್ರಾಂತಿಯ ಹೊತ್ತಿಗೆ ಈಯುತ್ತದೆ. ಅದರ ಮರಿಯು ಹಾಲು ಬಿಡುವ ಕಾಲಕ್ಕೆ ಹೊಲವೆಲ್ಲ ಬೋಳು, ಬಾವಿಯೆಲ್ಲ ಬತ್ತು. ಮೇವು ಹೇಳುವುದು ಜೂನ್ ಎಂದು. ಬೀಜ ಹೇಳುವುದು ಆಗಸ್ಟ್ ಎಂದು. ಇವೆರಡರ ನಡುವೆ ಸಿಕ್ಕಿಕೊಂಡವನು ಕುರಿಗಾರ. ಈ ಗಂಟನ್ನು ಬಿಡಿಸುವ ದಾರಿ ಒಂದೇ: ಟಗರನ್ನು ಕಾಯಬೇಕಾದುದು ಹಾರಿಸುವ ಕಾಲದಲ್ಲಲ್ಲ, ಅದಕ್ಕೆ ಎರಡು ತಿಂಗಳು ಮೊದಲು, ಬೇಸಗೆಯ ಎದೆಯಲ್ಲಿ.

ಇಷ್ಟು ಕೇಳಿ ದಖ್ಖನಿ ಟಗರುಗಳೆಲ್ಲ ಪ್ರತಿ ಬೇಸಗೆಯಲ್ಲಿಯೂ ಗೊಡ್ಡಾಗುತ್ತವೆಂದು ತಾವು ತಿಳಿಯಬಾರದು. ಉಷ್ಣಪ್ರದೇಶದ ತಳಿಗಳು ಶೀತದೇಶಗಳಿಂದ ಬಂದ ತಳಿಗಳಿಗಿಂತ ಸೆಕೆಯನ್ನು ಹೆಚ್ಚಾಗಿ ತಾಳಬಲ್ಲವು. ಹಲವು ತಲೆಮಾರುಗಳಿಂದ ಬಿಸಿಲೇ ಅವುಗಳನ್ನು ಆರಿಸಿಕೊಂಡು ಬಂದಿದೆ. ಕೆಡುವುದು ಮಟ್ಟದಲ್ಲಿ: ಒಂದು ಟಗರಿಗೆ ಅಲ್ಪ, ಇನ್ನೊಂದಕ್ಕೆ ಬಹಳ, ನೆರಳು ನೀರು ಇದ್ದಲ್ಲಿ ಕಡಿಮೆ, ಇಲ್ಲದಲ್ಲಿ ಹೆಚ್ಚು. ಮೂಲಕೋಶಗಳು ಉಳಿದಿರುವುದರಿಂದ ಹೋದುದು ಬಹುಮಟ್ಟಿಗೆ ಮರಳಿಬರುತ್ತದೆ ಎಂಬುದೂ ಸಮಾಧಾನದ ಮಾತು. ರಾಜಸ್ಥಾನದ ಅವಿಕಾನಗರದಲ್ಲಿ ೧೯೬೨ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆಯು ನಮ್ಮ ದೇಶದ ತಳಿಗಳು ಸೆಕೆಯನ್ನು ಎಷ್ಟು ತಾಳುತ್ತವೆಂಬುದನ್ನು ಬಹುಕಾಲದಿಂದ ಪರೀಕ್ಷಿಸುತ್ತಿದೆ.

ಇನ್ನು ಚಳಿಯ ಮಾತು. ಶೀತದೇಶಗಳಲ್ಲಿ ಹಿಮ ಕೊರೆದು ಟಗರಿನ ವೃಷಣಕೋಶವೇ ಹುಣ್ಣಾಗುವುದುಂಟು. ನಮ್ಮ ಬೀದರಿನ ಚಳಿಯಲ್ಲಿ ಆ ಭಯವಿಲ್ಲ. ಚೀಲವು ಮೇಲಕ್ಕೆ ಸರಿದು ಬೆಚ್ಚಗಿದ್ದುಬಿಡುತ್ತದೆ. ಮಾಗಿಯ ಚಳಿ ಕಾಡುವುದು ಟಗರನ್ನಲ್ಲ, ಆಗತಾನೆ ಹುಟ್ಟಿದ ಎಳೆಯ ಮರಿಯನ್ನು. ಆದರೆ ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಚಳಿಗಾಲಕ್ಕೆ ಮುಂಚಿನ ಶರದೃತುವೇ ಕುರಿಗಳ ಸಂಗಮಕಾಲವೆಂದು ಪುಸ್ತಕಗಳಲ್ಲಿ ಓದಿದವರು, ತಂಪೇ ಅದಕ್ಕೆ ಕಾರಣವೆಂದು ತಿಳಿಯುವುದುಂಟು. ನಿಜವಾದ ಕಾರಣ ತಂಪಲ್ಲ, ಬೆಳಕು. ಎಡಿನ್‌ಬರೊ ನಗರದಲ್ಲಿ ಅತಿ ದೀರ್ಘವಾದ ಹಗಲು ಹದಿನೇಳು ಗಂಟೆಗೂ ಹೆಚ್ಚು, ಅತಿ ಮೊಟಕಾದುದು ಏಳು ಗಂಟೆಯ ಸುಮಾರು. ಹಗಲು ಕುಗ್ಗುತ್ತ ಬಂದಂತೆ ಮೆದುಳು ಅದನ್ನು ಅರಿತು ಸಂತಾನದ ಅಂಗಗಳನ್ನು ಎಚ್ಚರಿಸುತ್ತದೆ. ಹದಿನೆಂಟು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವ ಸಂತಪುರದಲ್ಲಿ ದೀರ್ಘದಿನಕ್ಕೂ ಹ್ರಸ್ವದಿನಕ್ಕೂ ಇರುವ ಅಂತರ ಎರಡು ಗಂಟೆ ಮಾತ್ರ. ಅಷ್ಟರಿಂದ ನಮ್ಮ ಕುರಿಗೆ ಹೆಚ್ಚಿನ ಸೂಚನೆ ದೊರೆಯದು. ಅದು ವರ್ಷದ ಯಾವ ಕಾಲದಲ್ಲಿಯೂ ಬೆದೆಗೆ ಬರಬಲ್ಲುದು. ಅದನ್ನು ನಡೆಸುವ ಪಂಚಾಂಗ ಮೇವಿನದು, ಮಳೆಯದು, ಸೆಕೆಯದು.

ತಂಪಿಗೂ ಬೀಜಕ್ಕೂ ಇರುವ ಸಂಬಂಧದಲ್ಲಿ ಮೈಸೂರಿನವರು ಹೆಮ್ಮೆಪಡುವ ಒಂದು ನೆನಪುಂಟು. ಭಾರತದಲ್ಲಿ ಕೃತಕ ಗರ್ಭಧಾರಣೆಯು ಮೊದಲು ನಡೆದುದು ೧೯೩೯ರಲ್ಲಿ, ಮೈಸೂರಿನ ಅರಮನೆಯ ಹಾಲಿನ ಕೇಂದ್ರದಲ್ಲಿ, ಸಂಪತ್ ಕುಮಾರನ್ ಎಂಬವರ ಕೈಯಿಂದ. ಅಂದು ಅದು ಹಸುಗಳಲ್ಲಿ ನಡೆಯಿತು. ಮೈಯಿಂದ ಹೊರಬಂದ ವೀರ್ಯವು ಥಟ್ಟನೆ ತಣ್ಣಗಾದರೆ ವೀರ್ಯಾಣುಗಳು ಸಾಯುತ್ತವೆ; ಮೊಟ್ಟೆಯ ಹಳದಿಯನ್ನು ಬೆರಸಿ ಮೆಲ್ಲಮೆಲ್ಲನೆ ತಣಿಸಿದರೆ ಉಳಿಯುತ್ತವೆ. ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬವರು ೧೯೪೯ರಲ್ಲಿ ಗ್ಲಿಸರಿನ್ ಬೆರಸಿ ವೀರ್ಯಾಣುಗಳನ್ನು ಹೆಪ್ಪುಗಟ್ಟಿಸಿ ಮತ್ತೆ ಜೀವಂತವಾಗಿ ಪಡೆಯುವ ಮಾರ್ಗವನ್ನು ಕಂಡುಹಿಡಿದರು. ಆಸ್ಟ್ರೇಲಿಯದಲ್ಲಿ ೧೯೬೮ರಲ್ಲಿ ಹೆಪ್ಪುಗಟ್ಟಿಸಿಟ್ಟ ಟಗರಿನ ವೀರ್ಯವನ್ನು ಐವತ್ತು ವರ್ಷಗಳ ಮೇಲೆ ಸಿಡ್ನಿ ವಿಶ್ವವಿದ್ಯಾನಿಲಯದವರು ೫೬ ಕುರಿಗಳಿಗೆ ಬಳಸಿದಾಗ ೩೪ ಗಬ್ಬವಾದುವೆಂದು ೨೦೧೯ರಲ್ಲಿ ಪ್ರಕಟವಾಯಿತು. ವೃಷಣದ ಶಾಖವು ಎರಡು ಮೂರು ಡಿಗ್ರಿ ಏರಿದರೆ ಒಂದು ಬೇಸಗೆಯನ್ನು ತಾಳಲಾರದ ಬೀಜವು, ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಅರ್ಧ ಶತಮಾನ ನಿದ್ರಿಸಿ ಎಚ್ಚರಗೊಂಡಿತು! ಬಿಸಿಲಿಗಿಂತ ಹಿಮವೇ ಅದಕ್ಕೆ ದಯಾಳು.

ಈಗ ಮಾಡಬೇಕಾದುದೇನೆಂಬುದನ್ನು ಹೇಳಿ ಮುಗಿಸುತ್ತೇನೆ. ಇದರಲ್ಲಿ ಬಹುಭಾಗಕ್ಕೆ ದುಡ್ಡು ಬೇಡ, ಅರಿವು ಬೇಕು. ಏಪ್ರಿಲ್ ಮೊದಲಾಗಿ ಬೀಜದ ಟಗರನ್ನು ಹಿಂಡಿನೊಡನೆ ಹಗಲೆಲ್ಲ ಅಲೆದಾಡಿಸದೆ, ಬೆಳಗಿನ ತಂಪಿನಲ್ಲಿಯೂ ಸಂಜೆಯೂ ಮೇಯಿಸಿ, ನಡುಹಗಲಿನಲ್ಲಿ ಬೇವಿನ ಮರದಡಿಯಲ್ಲೋ ಗಾಳಿಯಾಡುವ ಹುಲ್ಲಿನ ಚಪ್ಪರದಡಿಯಲ್ಲೋ ಕಟ್ಟಬೇಕು. ತಗಡಿನ ಮಾಡು ನೆರಳಲ್ಲ, ಒಲೆ. ಬೇಕಾದಷ್ಟು ತಣ್ಣೀರು ಎದುರಿಗಿರಬೇಕು. ಬೇಸಗೆ ಹತ್ತುವ ಮೊದಲೇ ಉಣ್ಣೆ ಕತ್ತರಿಸಿ, ವೃಷಣಕೋಶದ ಮೇಲಣ ಕೂದಲನ್ನೂ ಜೋಪಾನವಾಗಿ ತೆಗೆಯಬೇಕು. ಆದರೆ ಬಿಸಿಲಿನ ತುದಿಯಲ್ಲಿ ನುಣ್ಣಗೆ ಬೋಳಿಸಿ ಬಯಲಿಗೆ ಬಿಡಲಾಗದು, ಏಕೆಂದರೆ ಬೆನ್ನ ಮೇಲಣ ಉಣ್ಣೆಯು ಕೊಡೆಯೂ ಹೌದು. ಹಾರಿಸುವುದಕ್ಕೆ ಎರಡು ತಿಂಗಳು ಮೊದಲಿಂದಲೇ ಹಿಡಿ ಜೋಳ, ಬೇಳೆಯ ಹೊಟ್ಟು, ಒಂದಿಷ್ಟು ಹಿಂಡಿ ಕೊಡಬೇಕು. ಹಾರಿಸುವ ವಾರದಲ್ಲಿ ತಿನ್ನಿಸಿದ ಕಾಳು ಮುಂದಿನ ಬೀಜಕ್ಕೆ, ಈಗಿನದಕ್ಕಲ್ಲ. ವೃಷಣಗಳನ್ನು ಕೈಯಿಂದ ಮುಟ್ಟಿ ನೋಡಬೇಕು: ಎರಡೂ ಸಮವಾಗಿ, ಬಿಗಿಯಾಗಿ, ಒತ್ತಿದರೆ ಪುಟಿಯುವಂತಿದ್ದರೆ ಲೇಸು, ಮೆತ್ತಗೆ ಜೋಲಿದ್ದರೆ ಅನುಮಾನ. ಒಂದೇ ಟಗರಿಗೆ ಇಡೀ ಹಿಂಡನ್ನು ಒಪ್ಪಿಸುವ ಬದಲು ನೆರೆಯ ಇಬ್ಬರು ಕುರಿಗಾರರು ತಮ್ಮ ಟಗರುಗಳನ್ನು ಹದಿನೇಳು ದಿನಗಳಿಗೊಮ್ಮೆ ಅದಲುಬದಲು ಮಾಡಿಕೊಂಡರೆ, ಒಂದು ಸೋತಲ್ಲಿ ಇನ್ನೊಂದು ಗೆಲ್ಲಬಹುದು; ರೋಗವಿಲ್ಲದ ಹಿಂಡುಗಳಲ್ಲಿ ಮಾತ್ರ ಇದು ಸಲ್ಲುತ್ತದೆ.

ಜ್ವರವನ್ನೂ ಮರೆಯಬಾರದು. ದಖ್ಖನಿನಲ್ಲಿ ಮಳೆಗಾಲದ ಕೊನೆಗೆ ಸಣ್ಣ ನೊಣಗಳಿಂದ ಹರಡುವ ನೀಲಿನಾಲಿಗೆ ರೋಗವು ಬಂದ ಟಗರಿನ ಮೈಶಾಖವು ಹಲವು ದಿನ ಏರಿರುತ್ತದೆ. ಒಳಗಿನ ಬೇಸಗೆಯೂ ಹೊರಗಿನ ಬೇಸಗೆಯಷ್ಟೇ ಬೀಜವನ್ನು ಕೆಡಿಸುತ್ತದೆ. ಜ್ವರದಿಂದ ಎದ್ದ ಟಗರಿಗೂ ಎರಡು ತಿಂಗಳ ವಿಶ್ರಾಂತಿ ಸಲ್ಲಬೇಕು. ರೋಗಕ್ಕೆ ತಕ್ಕ ಲಸಿಕೆಯನ್ನು ಸಕಾಲದಲ್ಲಿ ಹಾಕಿಸುವುದು ಇದಕ್ಕಿಂತಲೂ ಮೇಲು.

೨೦೦೪ರ ಶಾಸನದಂತೆ ಬೀದರಿನಲ್ಲಿಯೇ ಪಶುವೈದ್ಯಕ್ಕೂ ಮೀನುಗಾರಿಕೆಗೂ ಮೀಸಲಾದ ವಿಶ್ವವಿದ್ಯಾನಿಲಯವು ನೆಲೆಗೊಂಡಿರುವುದು ಈ ಸೀಮೆಯ ಭಾಗ್ಯ. ಜಗತ್ತಿನ ಶಾಖವು ವರ್ಷದಿಂದ ವರ್ಷಕ್ಕೆ ಏರುತ್ತಿರುವ ಈ ಕಾಲದಲ್ಲಿ, ಹೊಲದ ಬದುವಿನ ಬೇವು ಹುಣಸೆಗಳು ಉರುಳುತ್ತಿರುವ ಈ ಕಾಲದಲ್ಲಿ, ಟಗರಿನ ನೆರಳೆಂಬುದು ಸಣ್ಣ ಮಾತಲ್ಲ. ಊರಿಗೊಂದು ತೋಪು ಉಳಿದರೆ ಹಿಂಡಿಗೆ ಹತ್ತು ಮರಿ ಹೆಚ್ಚಾದಾವು.

ಕಡೆಯದಾಗಿ, ಪಟ್ಟಣವಾಸಿಗಳಾದ ತಮಗೆ ಒಂದು ಮಾತು. ಬೀಜ ಬೆಂದುದು ಟಗರಿನಲ್ಲಿ. ಗೊಡ್ಡೆಂಬ ಹೆಸರು ಹೊತ್ತು ಕಟುಕನ ಕೈಗೆ ಹೋದುದು ಹೆಣ್ಣುಕುರಿ. ಈ ಅನ್ಯಾಯವು ಕುರಿಯ ಹಟ್ಟಿಯಲ್ಲಿ ಮಾತ್ರ ನಡೆಯುವಂಥದೇ? ಮಕ್ಕಳಿಲ್ಲದ ಮನೆಗಳಲ್ಲಿ ಬಂಜೆಯೆಂಬ ಮಾತನ್ನು ಇಂದಿಗೂ ಹೊರುತ್ತಿರುವವಳು ಹೆಣ್ಣೇ. ಅಂಥ ದಂಪತಿಗಳಲ್ಲಿ ಸುಮಾರು ಅರ್ಧ ಪಾಲಿನವರಲ್ಲಿ ಕಾರಣವು ಪೂರ್ತಿಯಾಗಿಯೋ ಭಾಗಶಃವಾಗಿಯೋ ಗಂಡಸಿನಲ್ಲಿದೆಯೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಹೀಗಿದ್ದರೂ ಗಂಡನನ್ನು ಪರೀಕ್ಷೆಗೆ ಕಳುಹಿಸುವ ಮೊದಲೇ ಹೆಂಡತಿಯನ್ನು ದೇವಸ್ಥಾನದಿಂದ ದೇವಸ್ಥಾನಕ್ಕೆ ಸುತ್ತಿಸುವ, ಎರಡನೆಯ ಮದುವೆಯ ಮಾತೆತ್ತುವ ಮನೆಗಳು ವಿದ್ಯಾವಂತರಲ್ಲಿಯೂ ಇವೆ. ಕುರಿಗಾರನಿಗೆ ಶಾಖಮಾಪಕವಿರಲಿಲ್ಲ, ಶಾಲೆಯಿರಲಿಲ್ಲ; ಅವನನ್ನು ಕ್ಷಮಿಸಬಹುದು. ಓದಿದ ನಮಗೆ ಆ ಕ್ಷಮೆ ದೊರೆಯುವುದು ಹೇಗೆ? ತೀರ್ಪು ಕೊಡುವ ಮುನ್ನ ಎರಡು ಕಡೆಯನ್ನೂ ಪರೀಕ್ಷಿಸಬೇಕೆಂಬುದು ಹಟ್ಟಿಗೂ ಸಲ್ಲುವ, ಮನೆಗೂ ಸಲ್ಲುವ ಧರ್ಮ.